ದೊಡ್ಡಲಕ್ಷ್ಮಮ್ಮನ ಅಂಗಾಲು

ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಕ್ಕೆ ನೋವು ತಿಳಿಯದಂತಾಗಬಹುದು. ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಕೆಂಡ ತುಳಿದರೂ ಗೊತ್ತಾಗುವುದಿಲ್ಲ. ಇದು ಗುಟ್ಟೇನಲ್ಲ. ಆಸ್ಪತ್ರೆಯ ಗೋಡೆಗೆ ಚಿತ್ರ ಸಮೇತ ಬರೆದು ಅಂಟಿಸಿರುತ್ತಾರೆ. ಅದೇ ಗೋಡೆಗೆ ಒರಗಿಕೊಂಡು ನಾವು ಮೊಬೈಲ್ ನೋಡುತ್ತಾ ಸರದಿ ಕಾಯುತ್ತೇವೆ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ದೊಡ್ಡಲಕ್ಷ್ಮಮ್ಮನೂ ಹಾಗೆ ಒರಗಿ ಕೂತವಳೇ. ವಯಸ್ಸು ಐವತ್ತು ದಾಟಿದೆ. ಸಕ್ಕರೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರೆ "ನಯನನ ಮದ್ವೆಗೆ ಮುಂಚೆ" ಅನ್ನುತ್ತಾಳೆ. ನಯನಾ ಒಬ್ಬಳೇ ಮಗಳು. ಈಗ ರಾಮನಗರದಲ್ಲಿ ಸಂಸಾರ, ಅಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಊರಲ್ಲಿ ಉಳಿದಿರುವುದು ದೊಡ್ಡಲಕ್ಷ್ಮಮ್ಮ, ಗಂಡ ಅಂಕಯ್ಯ, ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ರೇಷ್ಮೆ ಹುಳು ಸಾಕುವ ಮನೆ.

ಈ ಹೆಂಗಸಿಗೆ ಆರೋಗ್ಯದ ಗಂಧಗಾಳಿಯಿಲ್ಲ ಎಂದು ಯಾರಾದರೂ ಅಂದರೆ ಅವರು ಆಕೆಯ ಹುಳದ ಮನೆ ನೋಡಿಲ್ಲ ಎಂದರ್ಥ. ನೆಲಕ್ಕೆ ಸುಣ್ಣ, ಬ್ಲೀಚಿಂಗ್ ಪೌಡರ್ ಎರಚದೆ ಕೆಲಸಕ್ಕೆ ತೊಡಗುವುದಿಲ್ಲ. ಕೈ ತೊಳೆಯದೆ ಹುಳದ ತಟ್ಟೆ ಮುಟ್ಟುವುದಿಲ್ಲ. ಒದ್ದೆ ಸೊಪ್ಪು ಹಾಕುವಂತಿಲ್ಲ, ಬಾಡಿದ್ದೂ ಆಗದು. ಸೆಖೆ ಏರಿದರೆ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಾಳೆ. ಹುಳವೊಂದು ಮಂಕಾಗಿ ಕಂಡರೆ ಎತ್ತಿ, ತಿರುಗಿಸಿ, ಹೊಟ್ಟೆಯಡಿ ನೋಡಿ, ಅನುಮಾನ ಬಂದರೆ ಆಚೆಗೆ ಹಾಕುತ್ತಾಳೆ. ಅಲ್ಲಿ ಚಪ್ಪಲಿ ಹೊಸ್ತಿಲು ದಾಟುವಂತಿಲ್ಲ. ದೊಡ್ಡ ಅಧಿಕಾರಿ ಬಂದರೂ ಅಷ್ಟೇ, ಬಿಚ್ಚಿಟ್ಟೇ ಒಳಗೆ ಬರಬೇಕು.

ತನ್ನ ವಿಷಯಕ್ಕೆ ಬಂದರೆ ಕಾನೂನು ಬೇರೆ. ಅನ್ನ ಕಡಿಮೆ ಮಾಡಿ ರಾಗಿ ತಿನ್ನಿ ಎಂದು ಡಾಕ್ಟರು ಹೇಳಿದ್ದನ್ನು ಮುದ್ದೆ ಎಷ್ಟು ತಿಂದರೂ ಅಡ್ಡಿಯಿಲ್ಲ ಎಂದು ತಿಳಿದುಕೊಂಡಳು. ಟೀಗೆ ಸಕ್ಕರೆ ಬಿಟ್ಟಳು, ಬೆಲ್ಲ ಹಾಕಿಕೊಂಡಳು. ಮಾತ್ರೆಯನ್ನು ನೆನಪಾದ ದಿನ ನುಂಗಿದಳು. ನಮ್ಮ ಕಡೆ ಇದಕ್ಕೆ ಪಥ್ಯ ಎನ್ನುತ್ತಾರೆ.

ಕಳೆದ ವರ್ಷ ಚನ್ನಪಟ್ಟಣದ ಒಂದು ಆಸ್ಪತ್ರೆಯಲ್ಲಿ ಸುಹಾನಾ ಎಂಬ ನರ್ಸ್ ಆಕೆಯ ಪಾದ ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಲು ಹೇಳಿ, ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಕೇಳಿದಳು.

"ಗೊತ್ತಾಯ್ತಾ ಅಮ್ಮ?"

"ಏನು?"

"ಈಗ?"

"ಮೊದ್ಲು ಸುರು ಮಾಡು ತಾಯಿ, ಆಮ್ಯಾಕೆ ಕೇಳು."

ಸುಹಾನಾ ಆಗಲೇ ಎರಡೂ ಪಾದ ಮುಗಿಸಿದ್ದಳು. ಬರಿಗಾಲಲ್ಲಿ ಎಲ್ಲೂ ಓಡಾಡಬೇಡಿ, ಮನೆಯೊಳಗೂ ಬೇಡ ಅಂದಳು.

"ಹುಳದ್ ಮನೇಗೂ ಚಪ್ಲಿನಾ? ಚೆನ್ನಾಗ್ ಹೇಳ್ದೆ ಕಣವ್ವ. ಹುಳಕ್ಕೆ ರೋಗ ಬಂದ್ರೆ ನೀನ್ ಬಂದು ಇಂಜೆಕ್ಷನ್ ಕೊಟ್ಟೀಯಾ?"

"ಒಳಗೆ ಹಾಕೋಕೆ ಅಂತಾನೇ ಬೇರೆ ಒಂದ್ ಜೊತೆ ಇಟ್ಕೊಳಿ. ತೊಳೆದು ಅಲ್ಲೇ ಬಿಡಿ. ದಿನಾ ಅಂಗಾಲು ನೋಡ್ಕೊಳಿ, ಗಾಯಗೀಯ ಆಗೈತಾ ಅಂತ."

"ಮಂಡಿ ಬಗ್ಗಾಕಿಲ್ಲ ನಂಗೆ. ಹೆಂಗ್ ನೋಡ್ಕಳನೆ?"

"ಯಜಮಾನ್ರು ನೋಡ್ತಾರೆ" ಎಂದು ಸುಹಾನಾ ಅಂಕಯ್ಯನ ಕಡೆ ತಿರುಗಿದಳು.

ಬೆಂಚಿನ ಮೇಲೆ ಅಂಕಯ್ಯನ ಪಕ್ಕ ಜಬ್ಬಾರ್ ಕೂತಿದ್ದ. ಚನ್ನಪಟ್ಟಣದವನು, ರೇಷ್ಮೆ ಗೂಡು ಸಾಗಿಸುವ ಲಗೇಜ್ ಆಟೊ ಇಟ್ಟುಕೊಂಡಿದ್ದಾನೆ, ಅಂಕಯ್ಯನಿಗೆ ಹಳೇ ದೋಸ್ತ್. ಸುಮ್ಮನಿರುವ ಬಾಯಲ್ಲ ಅವನದು.

"ಏನ್ಲಾ ಅಂಕಯ್ಯ, ಈ ವಯಸ್ಸಲ್ಲಿ ಹೆಂಡ್ತಿ ಕಾಲು ಹಿಡಿಯಂಗಾಯ್ತಲ್ಲಲೇ!"

ಬೆಂಚು ಪೂರ್ತಿ ನಕ್ಕಿತು. ಅಂಕಯ್ಯ ಟವೆಲ್ ಕೊಡವಿ ಎದ್ದು ಹೊರಗೆ ಹೋದ. ದೊಡ್ಡಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು, "ಶಿವ್ನೆ, ಗಂಡನ್ ಕೈಲಿ ಕಾಲು ಮುಟ್ಟಿಸ್ಕಂಡ್ರೆ ಪಾಪ ಸುತ್ಕತದೆ, ಬುಡವ್ವ" ಅಂದಳು. ಒಂದು ಪಾದ ಉಳಿಯಬೇಕೋ ಹೋಗಬೇಕೋ ಎಂಬ ತೀರ್ಮಾನ ಹೀಗೆ, ಒಂದು ಚೇಷ್ಟೆಯ ಮಾತಿನಲ್ಲಿ ಆಗಿಹೋಯಿತು.

ಹಿಪ್ಪುನೇರಳೆ ಕಡ್ಡಿ ಕೊಯ್ದ ಮೇಲೆ ಬುಡದಲ್ಲಿ ಓರೆಯಾದ ಮೊನೆ ಉಳಿಯುತ್ತದೆ, ಹೆಚ್ಚುಕಡಿಮೆ ಮೊಳೆಯ ಹಾಗೆ. ತೋಟದಿಂದ ಹುಳದ ಮನೆಗೆ, ಅಲ್ಲಿಂದ ತೋಟಕ್ಕೆ ಓಡಾಡುವ ದೊಡ್ಡಲಕ್ಷ್ಮಮ್ಮ ಪ್ರತಿಸಲ ಚಪ್ಪಲಿ ಬಿಚ್ಚಿ ಹಾಕುವುದು ಯಾಕೆಂದು ತೋಟಕ್ಕೂ ಬರಿಗಾಲಲ್ಲೇ ಹೋಗುತ್ತಿದ್ದಳು. ಈ ಬೇಸಿಗೆಯಲ್ಲಿ ಅಂಥದೊಂದು ಮೊನೆ ಅವಳ ಬಲಗಾಲಿನ ಬೆರಳ ಬುಡಕ್ಕೆ ಹೊಕ್ಕಿತು. ಅವಳು ಸೊಪ್ಪಿನ ಹೊರೆ ಹೊತ್ತು ನಡೆದುಬಂದಳು. ಅದೇ ಕಾಲಲ್ಲಿ ಸುಣ್ಣದ ನೆಲದ ಮೇಲೆ ನಿಂತು ತಟ್ಟೆ ತಟ್ಟೆಗೂ ಸೊಪ್ಪು ಹಾಕಿದಳು.

ಬಿಳಿ ಸುಣ್ಣದ ಮೇಲೆ ಕಂದು ಗುರುತು ಬಿದ್ದವು. ಅಂಕಯ್ಯನ ಕಣ್ಣಿಗೂ ಬಿದ್ದವು.

"ಎಲೆಅಡ್ಕೆ ಇಲ್ಲೇ ಉಗುದ್ಯಾ? ಹುಳಕ್ಕೆ ಆಯ್ತದೇನಮ್ಮೀ?" ಎಂದು ಹೆಂಡತಿಯ ಮೇಲೆ ಗದರಿದ. ಗುರುತುಗಳ ಮೇಲೆ ಇನ್ನೊಂದಿಷ್ಟು ಸುಣ್ಣ ಎರಚಿದ. ಹುಳದ ಮನೆ ಚೊಕ್ಕಟವಾಯಿತು.

ಮುಂದೆ ನಡೆದದ್ದು ರೇಷ್ಮೆ ಸಾಕುವ ಮನೆಯಲ್ಲಲ್ಲದೆ ಬೇರೆಲ್ಲೂ ನಡೆಯುವಂಥದ್ದಲ್ಲ. ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಪೊರೆ ಕಳಚಿ ಮೇಯಲು ತೊಡಗಿದರೆ ಎದ್ದಿತು ಎಂದು ಲೆಕ್ಕ. ಹೀಗೆ ನಾಲ್ಕು ಜ್ವರ ದಾಟಿದ ಮೇಲೆ ಗೂಡು. ಈ ಮಾತು ಕೇಳುತ್ತಲೇ ಬೆಳೆದವಳು ನಯನಾ. ಊಟದ ಬಿಡುವಿನಲ್ಲಿ ಅಂಗಡಿಯಿಂದ ಅಪ್ಪನಿಗೆ ಫೋನ್ ಮಾಡಿದಳು.

"ಏನಪ್ಪ ಸಮಾಚಾರ?"

"ಏನಿಲ್ಲ ಕಣವ್ವ. ಮನೇಲಿ ಜ್ವರ."

"ನಾಕನೇದಾ? ಆಗ್ಲೇ ಬಂದ್ಬುಡ್ತಾ!" ಎಂದು ನಯನಾ ಕೇಳುವಾಗ ಅಂಗಡಿಯಲ್ಲಿ ಯಾರೋ ಸೀರೆ ಬದಲಾಯಿಸಿಕೊಡಿ ಎಂದು ಜಗಳ ತೆಗೆದಿದ್ದರು. ಅಂಕಯ್ಯನಿಗೆ ಪೂರ್ತಿ ಕೇಳಲಿಲ್ಲ.

"ಏನೂ ತಿನ್ನಾಕಿಲ್ಲ. ಸುಮ್ಕೆ ಬಿದ್ಕಂಡೈತೆ."

ಹಳೇ ಕಾಲದ ಗಂಡಸು. ಹೆಂಡತಿಯ ಹೆಸರು ಹೇಳುವವನಲ್ಲ, ಅವಳು ಎನ್ನುವುದೂ ಅಪರೂಪ.

"ಜ್ವರದಾಗೆ ಏನ್ ತಿನ್ನಾದಪ್ಪ, ಎದ್ಮೇಲೆ ತಾನೆ? ನೀನ್ ಒಸಿ ಮಲಿಕ್ಕೊ, ಎದ್ಮೇಲೆ ನಿಂಗೆ ಪುರುಸೊತ್ತಿರಾಕಿಲ್ಲ" ಎಂದು ನಕ್ಕು ಮಗಳು ಫೋನ್ ಇಟ್ಟಳು. ಓದಿದ ಮಗಳೇ ಇಷ್ಟು ಹಗುರಾಗಿ ತೆಗೆದುಕೊಂಡ ಮೇಲೆ ದೊಡ್ಡ ವಿಷಯವೇನಲ್ಲ ಎಂದು ಅಂಕಯ್ಯನೂ ನಿರಾಳವಾದ. ಮೆಡಿಕಲ್ ಅಂಗಡಿಯಿಂದ ಒಂದು ಮಾತ್ರೆ ತಂದು ಹೆಂಡತಿಗೆ ಕೊಟ್ಟ.

ಎರಡು ದಿನ ಬಿಟ್ಟು ನಯನಾ ಮತ್ತೆ ಕೇಳಿದಳು.

"ಎದ್ದವಾ ಅಪ್ಪ?"

"ಹುಳ ಎದ್ದವೆ. ನಿಮ್ಮವ್ವ ಎದ್ದಿಲ್ಲ."

"ಅವ್ವಂಗೇನಾಯ್ತು?"

"ಮೊನ್ನೇನೆ ಹೇಳ್ದ್ನಲ್ಲಮ್ಮ, ಜ್ವರ ಅಂತ."

ನಯನಾ ಬಿಲ್ ಯಂತ್ರವನ್ನು ಹಾಗೇ ಬಿಟ್ಟು ಬಸ್ಸು ಹತ್ತಿದಳು. ಮನೆಗೆ ಬಂದಾಗ ಅಂಕಯ್ಯ ಸೊಪ್ಪು ಹಾಕುತ್ತಿದ್ದ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಸಿವೋ ಹಸಿವು, ಮೇಯುವ ಸದ್ದು ಹನಿಮಳೆಯಂತೆ ಹೊರಗೂ ಕೇಳುತ್ತಿತ್ತು. ಒಳಮನೆಯಲ್ಲಿ ಬೇರೆಯದೇ ವಾಸನೆ. ನಯನಾ ಕಂಬಳಿ ಸರಿಸಿ ಅವ್ವನ ಬಲಗಾಲು ಎತ್ತಿದಳು. ಪಾದ ಊದಿತ್ತು. ಎರಡು ಬೆರಳು ಕಪ್ಪಾಗಿದ್ದವು. ಮೂರನೆಯದರ ಬುಡದಲ್ಲಿ ಕಡ್ಡಿಯ ತುಂಡು ಇನ್ನೂ ಇತ್ತು.

"ಅಪ್ಪಾ, ಇದ್ನ ನೋಡ್ಲಿಲ್ವಾ ನೀನು?"

"ಕಾಲನ್ನ ನಾನೇನ್ ನೋಡಾನೆ?" ಎಂದ ಅಂಕಯ್ಯ ಬಾಗಿಲಲ್ಲೇ ನಿಂತು.

ದೊಡ್ಡಲಕ್ಷ್ಮಮ್ಮ ಕಾಲು ಎಳೆದುಕೊಳ್ಳಲು ನೋಡಿದಳು. "ನೋಯಾಕಿಲ್ಲ ಕಣೆ ನಂಗೆ. ಹುಳ ಹಣ್ಣಾಗ್ಲಿ, ಗೂಡು ಕಟ್ಟಾಕೆ ಬುಟ್ಟು ಬತ್ತೀನಿ. ಈಗ ಬಂದ್ರೆ ಸೊಪ್ಪು ಹಾಕೋರ್ ಯಾರು?"

"ಹುಳ ಸತ್ರೆ ಇನ್ನೊಂದ್ ಬೆಳೆ ಆಯ್ತದೆ. ಕಾಲು ಇನ್ನೊಂದ್ ಸಲ ಬಂದದಾ ನಿಂಗೆ?" ನಯನಾ ಕಿರುಚಿದಳು. "ಹುಳಾನಾದ್ರೆ ಹೊಟ್ಟೆ ಮಗುಚಿ ನೋಡ್ತೀರಿ ಇಬ್ರೂವೆ!"

ಆಗ ಅಂಕಯ್ಯ ಜಬ್ಬಾರನಿಗೆ ಫೋನ್ ಮಾಡಿದ. ಆಟೊದಲ್ಲಿ ಕಂಬಳಿ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಗುಂಡಿ ಬಂದಲ್ಲೆಲ್ಲ ಜಬ್ಬಾರ್ ಆಟೊ ನಿಧಾನ ಮಾಡಿದ. ಸೊಪ್ಪು ಹಾಕಲು ಪಕ್ಕದ ತೋಟದವರು ಬಂದರು. ಕೇಳಿದ್ದರೆ ಮೊದಲೇ ಬರುತ್ತಿದ್ದರು.

ಎರಡು ಬೆರಳು ತೆಗೆದರು, ಪಾದ ಉಳಿಯಿತು. ಉಳಿಯಿತು ಅನ್ನುವುದೂ ಸದ್ಯಕ್ಕೆ ಮಾತ್ರ. ಈ ಪಾದಕ್ಕೆ ಇನ್ನು ಮುಂದೆಯೂ ನೋವು ಗೊತ್ತಾಗುವುದಿಲ್ಲ, ಮುಂದಿನ ಗಾಯವನ್ನು ಯಾರಾದರೂ ಕಣ್ಣಿಂದ ನೋಡಿದರೆ ಕಾಲು ಇರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಯನಾ ಮತ್ತೆ ಕೆಲಸಕ್ಕೆ ಹೋಗಲೇಬೇಕಿತ್ತು. ಮನೆಯಲ್ಲಿ ಕಣ್ಣಿದ್ದವನು ಒಬ್ಬನೇ.

ಈಗ ಅಂಕಯ್ಯ ದಿನವೂ ನೋಡುತ್ತಾನೆ. ಬೆಳಿಗ್ಗೆ ಸೊಪ್ಪು ಹಾಕಿ ಬಂದು, ಕೈ ತೊಳೆದು, ಬಾಗಿಲು ಹಾಕಿ ಚಿಲಕ ಜಡಿದು, ಕಿಟಕಿಯನ್ನೂ ಮುಚ್ಚಿ, ಬಲ್ಬು ಹಾಕಿಕೊಂಡು ಹೆಂಡತಿಯ ಕಾಲು ಎತ್ತುತ್ತಾನೆ. "ಬ್ಯಾಗ ನೋಡಿ ಬುಡಿ, ಯಾರಾರ ಬಂದಾರು" ಎಂದು ಅವಳು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾಳೆ. ಒಂದು ದಿನ ಜಬ್ಬಾರ್ ಬಂದು ಬಾಗಿಲು ಬಡಿದ.

"ಹಗಲೊತ್ತು ಬಾಗ್ಲು ಹಾಕಂಡು ಏನ್ ಮಾಡ್ತಿದ್ದೀಯಲೇ?"

"ಹುಳ ನೋಡ್ತಿವ್ನಿ" ಎಂದ ಅಂಕಯ್ಯ ಒಳಗಿಂದ.

"ಹುಳದ್ ಮನೆ ಆಚೆ ಐತಲ್ಲಲೇ!"

ಇದನ್ನು ಊರಲ್ಲಿ ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರಲಿಲ್ಲ. ಕುಡಿದು ಹೆಂಡತಿಯನ್ನು ಒದೆಯುವವನು ಬೀದಿಯಲ್ಲೇ ಒದೆಯುತ್ತಾನೆ, ಯಾವ ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ. ಹೆಂಡತಿಯ ಕಾಲು ಉಳಿಸುವವನು ಮಾತ್ರ ಕಳ್ಳನಂತೆ ಚಿಲಕ ಹಾಕಿಕೊಂಡು ಸುಳ್ಳು ಹೇಳಬೇಕು. ಯಾವತ್ತಾದರೊಂದು ದಿನ ಮನೆಗೆ ನೆಂಟರು ಬಂದಿರುತ್ತಾರೆ, ಬಾಗಿಲು ಹಾಕಲು ಆಗುವುದಿಲ್ಲ, ನಾಳೆ ನೋಡಿದರಾಯಿತು ಎಂದು ಅಂಕಯ್ಯ ಬಿಡುತ್ತಾನೆ. ಆ ಪಾದಕ್ಕೆ ಅಂಥ ನಾಳೆಗಳು ಇಲ್ಲ. ಅವನನ್ನು ಆಡಿಕೊಂಡವರು ಊರಿನವರು ಮಾತ್ರ ಎಂದು ನೀವು ಜಾರಿಕೊಳ್ಳಬೇಡಿ.

ನಿಮ್ಮ ಮನೆಯಲ್ಲಿ ಸಕ್ಕರೆ ಇರುವುದು ಯಾರಿಗೆ? ಅವ್ವನಿಗೋ, ಅತ್ತೆಗೋ, ಹೆಂಡತಿಗೋ? ಹೆಸರು ನಿಮಗೆ ಗೊತ್ತಿದೆ. ಈ ಪುಟ ಮಡಚಿಡಿ. ಹೋಗಿ ಅವರ ಮುಂದೆ ನೆಲದ ಮೇಲೆ ಕೂತುಕೊಳ್ಳಿ, ಬಾಗಿಲು ತೆಗೆದೇ ಇರಲಿ, ಪಾದ ಎತ್ತಿ ನಿಮ್ಮ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿ ಬಿಡಿಸಿ ನೋಡಿ. ಈಗಲೇ ಏಳಿ.