ಅತಿಥಿಗೆ ಬಿಟ್ಟುಕೊಟ್ಟ ಹಾಸಿಗೆ

ಬೆಟಗೇರಿಯಲ್ಲಿ ಮೂವತ್ತು ವರ್ಷ ಕೈಮಗ್ಗದ ಮುಂದೆ ಕುಳಿತವಳು ನಾನು. ಹೆಂಗಸರಿಗೆ ನೇಯ್ಗೆ ಕಲಿಸುವ ಸಂಸ್ಥೆಯೊಂದು ಹೋದ ವರ್ಷ ನನ್ನನ್ನು ಒಂದು ತಿಂಗಳ ಮಟ್ಟಿಗೆ ಆಫ್ರಿಕಾದ ಮಲಾವಿ ದೇಶಕ್ಕೆ ಕಳಿಸಿತು.

ಅಲ್ಲಿಯ ಹಳ್ಳಿಯೊಂದರಲ್ಲಿ ನಾನು ಇಳಿದುಕೊಂಡದ್ದು ಒಬ್ಬ ವಿಧವೆಯ ಮನೆಯಲ್ಲಿ. ಮಣ್ಣಿನ ಗೋಡೆಯ ಒಂದೇ ಕೋಣೆ. ಹಿಂದೆ ಅಡುಗೆಗೊಂದು ಹುಲ್ಲಿನ ಚಪ್ಪರ. ಆಕೆಯ ಜೊತೆ ತುಂಬು ಬಸುರಿ ಮಗಳು. ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಹಾಸಿಗೆ ತೆಳ್ಳಗಿತ್ತು. ಮನೆಗೆ ಫೋನ್ ಮಾಡಿ ಗಂಡನ ಹತ್ತಿರ ಗೊಣಗಿದೆ: "ಬೆನ್ನು ಹಿಡದೈತ್ರಿ. ಇಲ್ಲೆ ಮಲಗಾಕ ಆಗವಲ್ದು."

ಆರನೆಯ ದಿನ ಬೆಳಗಿನ ಜಾವ ಮಳೆ ಸುರಿಯಿತು. ಎದ್ದು ಹಿಂದೆ ಹೋಗಿ ನೋಡಿದರೆ, ಒದ್ದೆ ನೆಲಕ್ಕೆ ಗೋಣಿಚೀಲ ಹಾಸಿಕೊಂಡು ತಾಯಿ ಮಗಳು ಮುದುಡಿ ಮಲಗಿದ್ದರು. ನಮ್ಮ ಮಾತು ದಾಟಿಸುತ್ತಿದ್ದ ಶಾಲೆಯ ಮಾಸ್ತರರನ್ನು ಕರೆತಂದು ಕೇಳಿದೆ. ಮನೆಯಲ್ಲಿದ್ದದ್ದು ಅದೊಂದೇ ಹಾಸಿಗೆ, ಹೆರಿಗೆಗೆಂದು ತಂದದ್ದು ಎಂದರು.

"ಅದನ್ನು ಮಗಳಿಗೆ ಹಾಸಲು ಹೇಳಿ," ಎಂದೆ.

ವಿಧವೆ ಬೇಡವೆಂದು ತಲೆಯಾಡಿಸಿದಳು. "ದೂರದಿಂದ ಬಂದವಳನ್ನು ನೆಲದ ಮೇಲೆ ಮಲಗಿಸಿದರೆ ಊರಿನವರಿಗೆ ಹೇಗೆ ಮುಖ ತೋರಿಸಲಿ?"

ನಾನೇ ಹಾಸಿಗೆ ಎಳೆದು ತಂದು ಹುಡುಗಿಯನ್ನು ಮಲಗಿಸಿದೆ. ಅವಳ ಮೈ ಆಗಲೇ ಸುಡುತ್ತಿತ್ತು. ಆಸ್ಪತ್ರೆ ಅರ್ಧ ದಿನದ ದಾರಿ. ಮಳೆ ನಿಂತ ಮೇಲೆ, ಮರುದಿನ, ನೆರೆಯವರು ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲೇ ಇಲ್ಲ.

ಕೂಸನ್ನು ಮಣ್ಣು ಮಾಡಿ ಬಂದ ವಿಧವೆ ಮೊದಲು ಮಾಡಿದ ಕೆಲಸವೆಂದರೆ ನನಗೆ ಗಂಜಿ ಕಾಯಿಸಿದ್ದು. "ಜ್ವರ ನೀವು ಬರುವ ಮೊದಲೇ ಇತ್ತು," ಎಂದರು ಮಾಸ್ತರರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ, ನನಗೆ ಗೊತ್ತಿಲ್ಲ. ಆ ಗಂಜಿಯನ್ನು ಬೇಡವೆನ್ನಲಾರದೆ ಕುಡಿದೆ.

ಊರಿಗೆ ಮರಳಿದ ಮೇಲೆ ಶಿರಹಟ್ಟಿಯಿಂದ ನಾದಿನಿ ಬಂದಳು. "ಅಲ್ಲೆ ಭಾಳ ಬಡತನ ಅಂತಲ್ರೀ ವೈನಿ? ನಾವು ಪುಣ್ಯಾ ಮಾಡೇವಿ ನೋಡ್ರಿ."

"ಪುಣ್ಯಾ ಅನಬ್ಯಾಡ," ಎಂದೆ. "ಬಸುರಿ ಹೆಣಮಗಳ ಹಾಸಿಗಿ ಕಸಗೊಂಡು ಮಲಗಿ ಬಂದೀನಿ ನಾ." ಅವಳು ಗಾಬರಿಯಾಗಿ ಮಾತು ಬದಲಿಸಿದಳು.

ಒಂದು ವಾರ ನಾನು ಚಾಪೆಯ ಮೇಲೆ ಮಲಗಿದೆ. ಗಂಡ ನೋಡಿ ನೋಡಿ ಕೇಳಿದರು: "ನೀ ಇಲ್ಲೆ ನೆಲದ ಮ್ಯಾಲೆ ಬಿದ್ರ ಆ ಹುಡುಗಿಗೆ ಏನು ಸಿಕ್ಕಂಗಾತು?"

ಅಂದು ರಾತ್ರಿಯೂ ಚಾಪೆಯನ್ನೇ ಹಾಸಿಕೊಂಡೆ. ಮೊಣಕಾಲು ಬೇರೆ ಸೆಳೆಯುತ್ತಿತ್ತು. ಎಂಟನೆಯ ದಿನ ಮಂಚ ಹತ್ತಿದೆ. ಮಲಗಿದ್ದೇ ತಡ, ಗಾಢ ನಿದ್ದೆ ಬಂತು. ಆ ನಿದ್ದೆಗಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.