ಸೀರೆ ಚೀಲದ ಕಾರ್ಖಾನೆ ಅರ್ಧಕ್ಕೇ ನಿಂತಿತು

ಗೆಳೆಯರೇ, ಇವತ್ತು ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಮಗಳು ನಿಧಿ ಮತ್ತು ಅವಳ ಕಾಲೇಜು ಗೆಳತಿಯರು ಹಳೆಯ ಸೀರೆಗಳಿಂದ ಕೈಚೀಲ ಹೊಲಿಯಲು ಕೂತರು. ನಾಳೆ ಕಾಲೇಜಿನಲ್ಲಿ ಮಾರಿ, ರಾಯಪುರಂನ ಮಕ್ಕಳಿಗೆ ಪುಸ್ತಕ ಕೊಡಿಸುತ್ತಾರಂತೆ.

"ಒಬ್ಬಳು ಕತ್ತರಿಸಲಿ, ಒಬ್ಬಳು ಹೊಲೀಲಿ, ಇನ್ನೊಬ್ಬಳು ಹಿಡಿ ಹಾಕ್ಲಿ. ಬೇಗ ಆಗತ್ತೆ" ಎಂದೆ. ಎಲ್ಲರೂ ಒಪ್ಪಿದರು. ಕತ್ತರಿಸುವ ಕೆಲಸ ಸಿಕ್ಕ ಕಾವ್ಯ ಮಾತ್ರ ಸಪ್ಪಗಾದಳು.

"ಯಾಕಮ್ಮ?"

"ನಾಳೆ ಅಮ್ಮ ಫಸ್ಟ್ ಟೈಮ್ ಕಾಲೇಜ್‌ಗೆ ಬರ್ತಾರೆ ಅಂಕಲ್. ನೀನು ಮಾಡಿದ್ದು ಯಾವ್ದೇ ಅಂತ ಕೇಳಿದ್ರೆ ಏನು ತೋರಿಸ್ಲಿ?"

"ಅಪ್ಪಾ, ಉಂಗ ಐಡಿಯಾ ಕ್ಯಾನ್ಸಲ್!" ಎಂದಳು ನಿಧಿ, 'ನಿಮ್ಮ' ಅನ್ನುವಲ್ಲಿ ಇಲ್ಲಿನ ತಮಿಳು ಬೆರೆಸಿ.

ಆಮೇಲೆ ಒಬ್ಬೊಬ್ಬರೂ ಇಡೀ ಚೀಲವನ್ನು ತಾವೇ ಮಾಡಿದರು. ಅಂದುಕೊಂಡಿದ್ದರಲ್ಲಿ ಅರ್ಧವೂ ಆಗಿಲ್ಲ. ನಿಧಿಯ ಚೀಲಕ್ಕೆ ಒಂದು ಹಿಡಿ ಗಿಡ್ಡ, ಇನ್ನೊಂದು ಉದ್ದ. ಬೇರೆ ಯಾರೂ ಕೊಳ್ಳದಂತೆ ಅದನ್ನು ಈಗಲೇ ಎತ್ತಿಟ್ಟಿದ್ದೇನೆ.