ನಾಲೆ ಏರಿಯ ಮೇಲೆ ಕೇಳಿದ ಕಟಕಟ

ಶುಕ್ರವಾರ ಹನ್ನೊಂದು ಗಂಟೆಗೆ ಬೆಳಗೊಳ ಬಿಟ್ಟೆವು. ನಾಗಮಂಗಲದ ಬೀಗರ ಮನೆಯಲ್ಲಿದ್ದ ಮಗಳು ಸುಮಾಳಿಗೆ ಒಂಬತ್ತನೇ ತಿಂಗಳು ಬಿದ್ದಿತ್ತು. ಮಡಿಲಕ್ಕಿ ಹಾಕಿ ಹೆರಿಗೆಗೆ ತವರಿಗೆ ಕರೆತರಬೇಕು. ವಾಹನ ನನ್ನ ಬಾಮೈದ ಸ್ವಾಮಿಯ ಪಿಕಪ್ಪು, ಬೇರೆ ದಿನ ಟೊಮೆಟೊ ಹೊರುವಂಥದ್ದು. ಹಿಂದೆ ಚಾಪೆ ಹಾಸಿಕೊಂಡು ನನ್ನ ಹೆಂಡತಿ, ಅತ್ತೆ, ಪಕ್ಕದ ಮನೆಯ ಜಯಮ್ಮ ಕೂತರು. ಮುಂದೆ ಸ್ವಾಮಿ ಮತ್ತು ನಾನು, ಗಡಿಯಾರ ನೋಡದೆ ನೀರೂ ಕುಡಿಯದ ನಿವೃತ್ತ ಮೇಷ್ಟ್ರು.

ನಾಲೆ ಏರಿಯ ರಸ್ತೆ ಹತ್ತಿದಾಗ ಎಡಗಡೆ ಮುಂದಿನ ಚಕ್ರದಿಂದ ಕಟಕಟ ಸದ್ದು ಬಂತು. ಪಕ್ಕದಲ್ಲೇ ನೀರು ತುಂಬಿ ಹರಿಯುತ್ತಿತ್ತು, ತಡೆಗೋಡೆ ಎಂಬುದು ಹೆಸರಿಗೆ ಮಾತ್ರ. ಹೆಂಗಸರು ಹಿಂದೆ ಸೋಬಾನೆ ಹಾಡುತ್ತಿದ್ದರು. “ಟೈರಿಗೆ ಕಲ್ಲು ಸಿಕ್ಕಂಡದೆ ಬುಡಿ ಬಾವ,” ಎಂದ ಸ್ವಾಮಿ. ನಾನೂ ಬಿಟ್ಟೆ.

ಪಾಂಡವಪುರದಲ್ಲಿ ಚಹಾಕ್ಕೆ ನಿಂತೆವು. ಸ್ವಾಮಿ ಟೈರಿನ ಸಂದುಗಳಲ್ಲಿ ಹುಡುಕಿದ, ಕಲ್ಲಿರಲಿಲ್ಲ. ಚಹಾದಂಗಡಿಯವನು ಗಾಡಿ ನಾಲ್ಕು ಮಾರು ಉರುಳಿಸಿ ಕಿವಿಗೊಟ್ಟು ಕೇಳಿ, “ಬೇರಿಂಗು ಓಗದೆ ಕಣ್ಲಾ, ಕೆಆರ್ ಪೇಟೆಗಂಟ ಏನಾಗಕಿಲ್ಲ,” ಎಂದು ತೀರ್ಪು ಕೊಟ್ಟ. ಬಿಟ್ಟಿ ಸಲಹೆಗೆ ನಮ್ಮ ಕಡೆ ಬರವಿಲ್ಲ. ಜಯಮ್ಮನ ಅಕ್ಕನನ್ನೂ ಕೆಆರ್ ಪೇಟೆಯಿಂದ ಕರೆದೊಯ್ಯಬೇಕಿದ್ದುದರಿಂದ ಅತ್ತಲೇ ಹೊರಟೆವು.

ಬಿಸಿಲು ಸುಡುತ್ತಿತ್ತು. ಚಿನಕುರಳಿ ದಾಟಿದ ಮೇಲೆ ಸದ್ದು ದಡದಡ ಆಯಿತು, ಸ್ಟೇರಿಂಗು ಸ್ವಾಮಿಯ ಕೈಯಲ್ಲಿ ನಡುಗತೊಡಗಿತು. ಕೆಆರ್ ಪೇಟೆಯ ಹೊರಗೆ ಬಾಷಾ ಸಾಬರ ಗ್ಯಾರೇಜು ಕಂಡದ್ದೇ ಅಲ್ಲಿಗೆ ತಿರುಗಿಸಿದೆವು. ಅವರು ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೆ ಕೈ ಹಾಕಿದರು. ಸ್ಪ್ಯಾನರು ಮುಟ್ಟಲೇ ಇಲ್ಲ. ಎರಡೇ ಬೆರಳಲ್ಲಿ ತಿರುಗಿಸಿದ ನಟ್ಟು ಎಣ್ಣೆ ಬಾಟಲಿಯ ಮುಚ್ಚಳದ ಹಾಗೆ ಅಂಗೈಗೆ ಬಂತು. ಐದರಲ್ಲಿ ಎರಡು ಆಗಲೇ ದಾರಿಯಲ್ಲಿ ಬಿದ್ದುಹೋಗಿದ್ದವು.

“ಯಾ ಅಲ್ಲಾ! ಇನ್ನೊಂದ್ ಮೈಲಿ ಓಗಿದ್ರೆ ಚಕ್ರ ಒಂದ್ಕಡೆ, ನೀವೊಂದ್ಕಡೆ. ಇದನ್ನ ಆಕಿದ್ದು ಯಾರು?”

ಸ್ವಾಮಿ ನನ್ನ ಮುಖ ನೋಡಿದ. ಬೆಳಿಗ್ಗೆ ಪಂಕ್ಚರಾಗಿ ಅವನು ಬೇರೆ ಚಕ್ರ ಹಾಕುತ್ತಿದ್ದ. ನಟ್ಟುಗಳನ್ನು ಕೈಯಲ್ಲಿ ತಿರುಗಿಸಿದ್ದನಷ್ಟೆ. ಜಾಕು ಇಳಿಸಿ ಬಿಗಿ ಮಾಡುವುದು ಬಾಕಿಯಿತ್ತು. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಗಾಡಿ ಮನೆ ಬಿಟ್ಟು ಊರಬಾಗಿಲಲ್ಲಿ ನಿಂತರೆ ಹೊರಟ ಲೆಕ್ಕ, ಆಮೇಲೆ ನಿಧಾನವಾಗಿ ಹತ್ತಬಹುದು. “ಐದೇ ನಿಮಿಷ ಇದೆ, ಮೊದಲು ಗಾಡಿ ಎತ್ತು” ಎಂದು ಕೂಗಿದವನು ನಾನೇ. ಅವನು ಜಾಕು ಇಳಿಸಿ ಗಾಡಿ ಹೊರಡಿಸಿದ. ಆಮೇಲೆ ಕಾಫಿ, ತಟ್ಟೆ, ಹೂವಿನ ಗದ್ದಲದಲ್ಲಿ ಇಬ್ಬರಿಗೂ ನಟ್ಟು ಮರೆತುಹೋಯಿತು. ಆ ನಾಲೆಯ ನೀರು ಕಣ್ಣಿಗೆ ಕಟ್ಟಿ ಅಲ್ಲೇ ಟೈರೊಂದರ ಮೇಲೆ ಕೂತುಬಿಟ್ಟೆ.

ಸಾಬರು ಹೊಸ ನಟ್ಟು ಹಾಕಿ, “ಸ್ವಲ್ಪ ದೂರ ಓದ್ಮೇಲೆ ಇನ್ನೊಂದ್ಸಲ ಬಿಗಿ ಮಾಡಿ, ಮರೀಬೇಡಿ,” ಎಂದರು. ಅತ್ತೆಗೆ ತಿಳಿದದ್ದು ಅರ್ಧ. “ನೋಡುದ್ರಾ, ಅಳಿಯಂದ್ರು ರಾವುಕಾಲಕ್ಕೆ ಮುಂಚೆ ಗಾಡಿ ಎತ್ತುಸ್ದುಕ್ಕೇ ನಾವೆಲ್ಲ ಉಳ್ಕಂಡೊ,” ಎಂದು ಕೈಮುಗಿದರು. ನಾಗಮಂಗಲದಲ್ಲೂ ಅದನ್ನೇ ಹೇಳಿದರು. ಬೀಗರು ನನ್ನ ಕೈಹಿಡಿದು ಹೊಗಳಿದರು. ನಾನು ನಿಜ ಹೇಳದೆ ಒಬ್ಬಟ್ಟು ತಿಂದೆ, ಹೇಡಿ.

ಸಂಜೆ ವಾಪಸು ಬರುವಾಗ ಸುಮಾ ಮುಂದೆ ನಮ್ಮಿಬ್ಬರ ನಡುವೆ ಕೂತಿದ್ದಳು. ದೂರದಲ್ಲಿ ನಾಲೆ ಏರಿ ಕಂಡಾಗ ಕೇಳಿದಳು: “ಅಪ್ಪ, ಅಜ್ಜಿ ಏಳಿದ್ದು ದಿಟ್ವಾ?”

ಹೊಟ್ಟೆಯ ಮೇಲಿದ್ದ ಅವಳ ಕೈ ನೋಡಿ ಸುಳ್ಳು ಬರಲಿಲ್ಲ. “ಇಲ್ಲ ಕಣವ್ವ. ನಾನ್ ಕೂಗಿದ್ಕೇ ನಟ್ಟು ಸಡ್ಲ ಉಳೀತು.”

ಅವಳು ಸ್ವಾಮಿಯ ಕಡೆ ತಿರುಗಿ, “ಮಾವ, ಗಾಡಿ ನಿಲ್ಸು,” ಎಂದಳು. ಸೊಂಟ ಹಿಡಿದುಕೊಂಡು ಇಳಿದು ಚಕ್ರದ ಪಕ್ಕ ನಿಂತಳು. “ನನ್ ಕಣ್ಮುಂದೆ ಬಿಗಿ ಮಾಡಪ್ಪ.”

ಮಂಡಿಯೂರಿ ನಟ್ಟುಗಳಿಗೆ ಸ್ಪ್ಯಾನರು ಹಾಕಿದೆ. ನಾಲ್ಕು ಅಲುಗಲಿಲ್ಲ. ಐದನೆಯದು ಕಾಲು ಸುತ್ತು ತಿರುಗಿತು. ಸಾಬರು ಹೇಳಿದ್ದೂ ನಮಗೆ ಮರೆತುಹೋಗಿತ್ತು. ಅದು ತಿರುಗಿದ್ದನ್ನು ಅವಳೂ ನೋಡಿದ್ದಳು.

“ಇನ್ನೊಂದ್ಸಲ,” ಎಂದಳು, “ಐದೂ.”